ಕವಳ, ಗುಟ್ಕಾ ಮತ್ತು ಸರ್ಕಾರ

ನಾನು ಹುಡುಗನಾಗಿದ್ದ ಅರವತ್ತರ ದಶಕದಲ್ಲಿ, ಕೆಳದಿ ಸೀಮೆಯ ಅಡಿಕೆ ತೋಟದ ಮನೆಗಳಲ್ಲಿ ಕವಳ ಯಾರು ಹಾಕಬಹುದು, ಯಾರು ಹಾಕಬಾರದು ಎಂಬುದಕ್ಕೆ ಕಟ್ಟಳೆ ಇತ್ತು. ಜಗಲಿಯ ಮೇಲೆ ಕವಳದ ಹರಿವಾಣ ಸದಾ ಇರುತ್ತಿತ್ತು. ಮನೆಗೆ ಬಂದವರಿಗೆ ಬೆಲ್ಲ ನೀರು ಕೊಟ್ಟ ಮೇಲೆ ಅದನ್ನು ಮುಂದಕ್ಕೆ ಸರಿಸಬೇಕು. ಗಂಡಸರು ಎಲೆಯ ತೊಟ್ಟು ಚಿವುಟಿ, ಬೆನ್ನಿಗೆ ಸುಣ್ಣ ಸವರಿ, ಅಡಕತ್ತರಿಯಲ್ಲಿ ಅಡಿಕೆ ಹೋಳು ಮಾಡಿ, ಬೇಕಾದವರು ಹೊಗೆಸೊಪ್ಪಿನ ಚೂರು ಸೇರಿಸಿ ಬಾಯಿಗಿಟ್ಟುಕೊಳ್ಳುತ್ತಿದ್ದರು. ಮುತ್ತೈದೆಯರು ಊಟವಾದ ಮೇಲೆ ಒಳಗೆ ಕೂತು ಹಾಕುತ್ತಿದ್ದರು. ಉಪನಯನವಾದ ಬ್ರಹ್ಮಚಾರಿಗೆ ಕವಳ ನಿಷಿದ್ಧ. ಮಕ್ಕಳು ಕೈ ಹಾಕಿದರೆ ಅಮ್ಮಮ್ಮ ಗದರುತ್ತಿದ್ದಳು: “ಕವಳ ಹಾಕಡ ಮಾಣಿ, ನಾಲಗೆ ದಪ್ಪ ಆಗ್ತು, ಓದು ಹತ್ತತಿಲ್ಲೆ.”

ಗಂಡ ಸತ್ತ ಹೆಂಗಸರಿಗೂ ನಿಷಿದ್ಧ. ಅಮ್ಮಮ್ಮನ ತಂಗಿಯೊಬ್ಬಳು ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಯಲ್ಲಿದ್ದಳು. ಮದುವೆಯಾಗಿ ಹೋದ ಹೊಸತರಲ್ಲಿ ಅತ್ತೆಮನೆಯವರೇ ಅಭ್ಯಾಸ ಮಾಡಿಸಿದ ಕವಳವನ್ನು, ಗಂಡ ಸತ್ತ ದಿನ ಅವಳ ಕೈಯಿಂದ ಕಿತ್ತುಕೊಂಡರು. ಹರಿವಾಣ ಅವಳನ್ನು ದಾಟಿ ಮುಂದೆ ಹೋಗುತ್ತಿತ್ತು. ಮುದುಕಿಯಾದ ಮೇಲೆ ಹಿತ್ತಲ ಕಡೆಯ ಕತ್ತಲೆ ಕೋಣೆಯಲ್ಲಿ ಕೂತು ಒಂದು ಹೋಳು ಅಡಿಕೆಯನ್ನು ಕುಟ್ಟಿಕೊಳ್ಳುತ್ತಿದ್ದಳು. ಆ ಶಬ್ದ ಮನೆಯವರಿಗೆಲ್ಲ ಕೇಳುತ್ತಿತ್ತು, ಯಾರೂ ಮಾತಾಡುತ್ತಿರಲಿಲ್ಲ. ಕಾರಣ ಕೇಳಿದರೆ ದೊಡ್ಡವರು ಹೇಳುತ್ತಿದ್ದದ್ದು ಒಂದೇ: ಅವಳ ಒಳ್ಳೆಯದಕ್ಕೇ.

ಇದನ್ನು ಮೊದಲು ಹೇಳಲು ಕಾರಣವಿದೆ. “ಹಿಂದೆ ನಮ್ಮ ಪಾಡಿಗೆ ನಾವಿದ್ದೆವು, ಈಗ ಏನು ತಿನ್ನಬೇಕು, ಏನು ಕುಡಿಯಬೇಕು ಎಂದು ಸರ್ಕಾರ ಹೇಳುತ್ತದೆ” ಎಂಬ ಮಾತನ್ನು ಸಾಗರದ ಹೋಟೆಲುಗಳಲ್ಲಿ, ಮದುವೆ ಮನೆಗಳಲ್ಲಿ ಆಗಾಗ ಕೇಳುತ್ತೇನೆ. ಆ ಹಿಂದಿನ ಕಾಲವನ್ನು ನಾನು ಕಂಡಿದ್ದೇನೆ. ಬಾಯಿಗೆ ಏನು ಹೋಗಬೇಕು ಎಂಬುದನ್ನು ಆಗ ಮನೆ, ಜಾತಿ, ಮಠ ನಿರ್ಧರಿಸುತ್ತಿದ್ದವು. ಅವುಗಳ ಮೇಲೆ ಅಪೀಲು ಹೋಗಲು ಯಾವ ಕೋರ್ಟೂ ಇರಲಿಲ್ಲ.

ಕೂಲಿಯಾಳುಗಳ ಕವಳ ಇನ್ನೊಂದು ಕಥೆ. ಕೊನೆ ಕೊಯ್ಲು ಶುರುವಾದರೆ ರಾತ್ರಿಯಿಡೀ ಅಡಿಕೆ ಸುಲಿಯುವ ಕೆಲಸ. ಸುತ್ತಲಿನ ಕೇರಿಗಳ ಹೆಂಗಸರು ಮೆಟ್ಟುಗತ್ತಿಯ ಮೇಲೆ ಕಾಲಿಟ್ಟು ಸಾಲಾಗಿ ಕೂರುತ್ತಿದ್ದರು. ಅವರ ನಡುವೆ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪಿನ ಬುಟ್ಟಿ. ಕವಳ ಬಾಯಲ್ಲಿದ್ದರೆ ನಿದ್ದೆ ಬರುವುದಿಲ್ಲ, ಹಸಿವು ಗೊತ್ತಾಗುವುದಿಲ್ಲ, ಕೈ ಓಡುತ್ತದೆ. ಕವಳ ಕೊಡುವುದು ಯಜಮಾನನ ದೊಡ್ಡಸ್ತಿಕೆ ಎಂದು ನಮ್ಮವರು ಹೇಳಿಕೊಳ್ಳುತ್ತಿದ್ದರು. ಇನ್ನೊಂದು ಲೋಟ ಗಂಜಿಗಿಂತ ಅದು ಅಗ್ಗವಾಗಿತ್ತು ಎಂಬುದನ್ನು ಯಾರೂ ಹೇಳುತ್ತಿರಲಿಲ್ಲ. ಆ ಹೆಂಗಸರು ತಾವಾಗಿಯೇ ಕವಳ ಕೇಳುತ್ತಿದ್ದರು ಎಂಬುದೂ ನಿಜ.

ತಾವಾಗಿ ಕೇಳಿದ್ದು, ಒಪ್ಪಿ ಮಾಡಿದ್ದು ಎಂಬ ವಾದ ನಮ್ಮ ಸೀಮೆಗೆ ಹೊಸದೇನಲ್ಲ. ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತಾಗ ಒಡೆಯರ ಕಡೆಯವರು ಆಡಿದ ಮಾತೂ ಇದೇ ಎಂದು ಅಪ್ಪಯ್ಯ ನೆನಪಿಸಿಕೊಳ್ಳುತ್ತಿದ್ದರು: ಅವರೇ ಬಂದು ಒಪ್ಪಿ ಗೇಣಿಗೆ ಮಾಡಿದ್ದಾರೆ, ನಾವೇನು ಕೈಕಟ್ಟಿ ಎಳೆದು ತಂದಿದ್ದೇವೆಯೇ. ಸಮಾಜವಾದಿ ನಾಯಕ ಲೋಹಿಯಾ ಆ ಚಳವಳಿಗೆ ಬಂದು ಬಂಧನಕ್ಕೊಳಗಾದರು. ಆರಗದ ಶಾಂತವೇರಿ ಗೋಪಾಲಗೌಡರು ಮರುವರ್ಷವೇ ಸಾಗರ–ಹೊಸನಗರದಿಂದ ಗೆದ್ದು ವಿಧಾನಸಭೆಗೆ ಹೋದರು. 1974ರ ಭೂಸುಧಾರಣೆ ಬಂದಾಗ ಗೇಣಿಯ ಒಪ್ಪಂದವನ್ನೇ ಕಾನೂನು ರದ್ದು ಮಾಡಿತು. ಬೇರೆ ದಾರಿಯೇ ಇಲ್ಲದವನು ಒಪ್ಪಿದ್ದನ್ನು ಒಪ್ಪಿಗೆ ಎಂದು ಕರೆಯಬಾರದು ಎಂಬ ತಿಳಿವಳಿಕೆ ನನಗೆ ಬಂದದ್ದು ಪುಸ್ತಕಗಳಿಂದಲ್ಲ, ಈ ಊರಿನಿಂದ.

ಗುಟ್ಕಾ ಎಂಬತ್ತರ ದಶಕದಲ್ಲಿ ಬಂತು. ಮೊದಲು ಸಾಗರದ ಬಸ್‌ ನಿಲ್ದಾಣದ ಗೂಡಂಗಡಿಗಳಲ್ಲಿ, ಆಮೇಲೆ ಹಳ್ಳಿಯ ಅಂಗಡಿಗಳ ಬಾಗಿಲಿಗೆ ಮಾಲೆಯಂತೆ ತೂಗುಬಿಟ್ಟ ಮಿರಿಮಿರಿ ಪ್ಯಾಕೆಟ್ಟುಗಳಲ್ಲಿ. ಅಡಿಕೆ, ಕಾಚು, ಸುಣ್ಣ, ತಂಬಾಕು, ಸುವಾಸನೆ ಎಲ್ಲವೂ ಒಂದೇ ಚೀಟಿಯಲ್ಲಿ, ಒಂದು ರೂಪಾಯಿಗೆ. ಹರಿವಾಣ ಬೇಡ, ಜಗಲಿ ಬೇಡ, ಅಮ್ಮಮ್ಮನ ಗದರಿಕೆ ಬೇಡ. ಶಾಲೆಗೆ ಹೋಗುವ ಹುಡುಗ ಜೇಬಿನಲ್ಲಿಟ್ಟುಕೊಂಡರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮನೆಯ ಕಟ್ಟಳೆಗಳು ತಲೆಮಾರುಗಳಿಂದ ಹಿಡಿದಿಟ್ಟಿದ್ದನ್ನು ಈ ಪ್ಯಾಕೆಟ್ಟು ಹತ್ತು ವರ್ಷದಲ್ಲಿ ಬಿಡಿಸಿತು. ಕೆಟ್ಟ ಕಟ್ಟಳೆಯ ಜೊತೆಗೆ, ಮಕ್ಕಳನ್ನು ದೂರವಿಟ್ಟ ಒಳ್ಳೆಯ ಕಟ್ಟಳೆಯೂ ಹೋಯಿತು.

ನಮಗೆ ಮಾತ್ರ ಅದು ಸುಗ್ಗಿ. ನಮ್ಮ ಕಡೆ ಅಡಿಕೆಯನ್ನು ಹಸಿರಿರುವಾಗಲೇ ಸುಲಿದು, ಹಂಡೆಯಲ್ಲಿ ಬೇಯಿಸಿ, ಚೊಗರು ಕೊಟ್ಟು, ಅಟ್ಟದ ಮೇಲೆ ಒಣಗಿಸಿ ಕೆಂಪಡಿಕೆ ಮಾಡುತ್ತಾರೆ. ಕರಾವಳಿಯ ಚಾಲಿ ಅಡಿಕೆಯ ದಾರಿ ಬೇರೆ. ಗುಟ್ಕಾ, ಪಾನ್‌ ಮಸಾಲಾ ಕಾರ್ಖಾನೆಗಳಿಗೆ ಬೇಕಾದದ್ದು ನಮ್ಮ ಕೆಂಪಡಿಕೆ. ಮಂಡಿಗಳಿಂದ ಲಾರಿಗಟ್ಟಲೆ ಉತ್ತರ ಭಾರತಕ್ಕೆ ಹೋಗುತ್ತಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ ಬಂದ ಬೆಲೆಯನ್ನು ನಮ್ಮ ಹಿಂದಿನ ತಲೆಮಾರು ಕನಸಿನಲ್ಲೂ ಕಂಡಿರಲಿಲ್ಲ. ಸೋಗೆ ಮನೆಗಳಿಗೆ ಹೆಂಚು, ಹೆಂಚಿನ ಮನೆಗಳಿಗೆ ತಾರಸಿ ಬಂತು. ಮಕ್ಕಳು ಬೆಂಗಳೂರಿನ ಇಂಜಿನಿಯರಿಂಗ್‌ ಕಾಲೇಜು ಸೇರಿದರು. ನನ್ನ ಮಗಳ ಓದೂ ಅದೇ ದುಡ್ಡಿನಲ್ಲಿ ಆಯಿತು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಬೆಲೆ ಕುಸಿದು ಬಹಳ ಜನ ಸಾಲಕ್ಕೆ ಬಿದ್ದರು, ಅದೂ ಸತ್ಯ. ಕೆಳದಿಯ ಅರಸ ಶಿವಪ್ಪನಾಯಕನ ‘ಶಿಸ್ತು’ ಎಂಬ ಭೂಕಂದಾಯ ವ್ಯವಸ್ಥೆಯಲ್ಲಿ ತೋಟದ ಮರಗಳ ಲೆಕ್ಕ ಹಿಡಿದು ಕಂದಾಯ ಕಟ್ಟಿದ ಕಾಲದಿಂದ ಇಲ್ಲಿಯವರೆಗೆ ಈ ಸೀಮೆಯ ಬದುಕು ಅಡಿಕೆಯ ಬೆನ್ನು ಹತ್ತಿಯೇ ಬಂದಿದೆ.

ನಮ್ಮ ಪಕ್ಕದ ಊರಿನ ಹುಡುಗನೊಬ್ಬ ಗುಟ್ಕಾ ಶುರುಮಾಡಿದ್ದು ಹೈಸ್ಕೂಲಿನಲ್ಲಿ. ಆಮೇಲೆ ಟೆಂಪೋ ಓಡಿಸುತ್ತಿದ್ದ. ರಾತ್ರಿ ಗಾಡಿ ಓಡಿಸುವಾಗ ನಿದ್ದೆ ಬರಬಾರದೆಂದು ದಿನಕ್ಕೆ ಇಪ್ಪತ್ತು ಪ್ಯಾಕೆಟ್ಟು. ಮೂವತ್ತು ದಾಟುವ ಮೊದಲೇ ಅವನಿಗೆ ಖಾರ ತಿನ್ನಲಾಗುತ್ತಿರಲಿಲ್ಲ, ಬಾಯೆಲ್ಲ ಉರಿ. ಕೆನ್ನೆಯ ಒಳಗಿನ ಚರ್ಮ ಬಿಗಿಯುತ್ತ ಬಂದು, ಕೊನೆಗೆ ಬಾಯಿಗೆ ಎರಡು ಬೆರಳು ಹೋಗದಷ್ಟು ಕಿರಿದಾಯಿತು. ಮದುವೆಯ ಊಟದಲ್ಲಿ ಹೋಳಿಗೆಯನ್ನು ಚೂರು ಚೂರು ಮಾಡಿ ಸಂದಿಯಲ್ಲಿ ತುರುಕಿಕೊಳ್ಳುವುದನ್ನು ನೋಡಿದ್ದೇನೆ. ಈ ಕಾಯಿಲೆಗೆ ಮುಖ್ಯ ಕಾರಣ ತಂಬಾಕಲ್ಲ, ಅಡಿಕೆ. ಅದು ಮುಂದೆ ಕ್ಯಾನ್ಸರಿಗೆ ತಿರುಗಬಹುದು. ಅವನಿಗೆ ತಿರುಗಿತು. ದವಡೆಯ ಒಂದು ಭಾಗ ತೆಗೆದರು. ಅವನ ಹೆಂಡತಿ ಈಗ ನಮ್ಮ ತೋಟಕ್ಕೂ ಕೆಲಸಕ್ಕೆ ಬರುತ್ತಾಳೆ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್‌ ಸಂಶೋಧನಾ ಅಂಗವು ತಂಬಾಕು ಸೇರಿದ ಕವಳ ಕ್ಯಾನ್ಸರ್‌ಕಾರಕ ಎಂದು 1985ರಲ್ಲೇ ಹೇಳಿತ್ತು. 2003ರಲ್ಲಿ ತಂಬಾಕಿಲ್ಲದ ಕವಳವನ್ನೂ ಬರೀ ಅಡಿಕೆಯನ್ನೂ ಅದೇ ಮೊದಲ ದರ್ಜೆಗೆ ಸೇರಿಸಿತು. ಆ ಸುದ್ದಿ ಬಂದ ದಿನದಿಂದ ನಮ್ಮ ಸಭೆಗಳಲ್ಲಿ ಒಂದೇ ವಾದ: ಅಡಿಕೆ ನಿರಪರಾಧಿ, ತಪ್ಪೆಲ್ಲ ತಂಬಾಕಿನದು, ಕಾರ್ಖಾನೆಯವರು ಬೆರೆಸುವ ರಾಸಾಯನಿಕದ್ದು. ನಮ್ಮ ಅಜ್ಜಂದಿರು ತೊಂಬತ್ತು ವರ್ಷ ಕವಳ ಹಾಕಿ ಬದುಕಿರಲಿಲ್ಲವೇ ಎಂದು ಕೇಳುತ್ತಾರೆ. ಬದುಕಿದವರು ಇದ್ದರು. ಬಾಯಿ ಹುಣ್ಣಾಗಿ, ಅನ್ನ ಇಳಿಯದೆ, ರೋಗದ ಹೆಸರೇ ಗೊತ್ತಿಲ್ಲದೆ ಸತ್ತವರೂ ಇದ್ದರು. ಅವರ ಲೆಕ್ಕ ಇಟ್ಟವರು ಯಾರೂ ಇಲ್ಲ. ಎಲೆಯ ಜೊತೆ ದಿನಕ್ಕೆರಡು ಸಲ ಹಾಕುವ ಕವಳಕ್ಕೂ ದಿನಕ್ಕೆ ಇಪ್ಪತ್ತು ಪ್ಯಾಕೆಟ್‌ ಪುಡಿಗೂ ವ್ಯತ್ಯಾಸ ಇದ್ದೇ ಇದೆ, ಅದನ್ನು ಒಪ್ಪುತ್ತೇನೆ. ಆದರೆ ನಮ್ಮ ಕೆಂಪಡಿಕೆ ಹೋಗಿ ಬೀಳುತ್ತಿದ್ದದ್ದು ಆ ಇಪ್ಪತ್ತು ಪ್ಯಾಕೆಟ್ಟಿನೊಳಗೆ.

ನಿಷೇಧ ಒಂದೇ ಏಟಿಗೆ ಬರಲಿಲ್ಲ. ಮಹಾರಾಷ್ಟ್ರ 2002ರಲ್ಲಿ ಗುಟ್ಕಾ ನಿಷೇಧಿಸಿತು. ಆಹಾರ ಕಲಬೆರಕೆ ತಡೆ ಕಾಯಿದೆಯಡಿ ರಾಜ್ಯಕ್ಕೆ ಆ ಅಧಿಕಾರವಿಲ್ಲವೆಂದು 2004ರಲ್ಲಿ ಸುಪ್ರೀಂ ಕೋರ್ಟ್‌ ಅದನ್ನು ತಳ್ಳಿಹಾಕಿತು. 2011ರ ಮಾರ್ಚ್‌ನಿಂದ ಪ್ಲಾಸ್ಟಿಕ್‌ ಪ್ಯಾಕೆಟ್ಟಿನಲ್ಲಿ ಮಾರುವಂತಿಲ್ಲ ಎಂದಾಯಿತು, ಕಾರ್ಖಾನೆಗಳು ಕಾಗದದ ಪ್ಯಾಕೆಟ್ಟಿಗೆ ಹೋದವು. ಅದೇ ವರ್ಷ ಬಂದ ಆಹಾರ ಸುರಕ್ಷತಾ ನಿಯಮ, ಯಾವ ತಿನಿಸಿನಲ್ಲೂ ತಂಬಾಕು, ನಿಕೋಟಿನ್‌ ಇರಕೂಡದು ಎಂದಿತು. ಅದನ್ನು ಹಿಡಿದು 2012ರ ಏಪ್ರಿಲ್‌ನಲ್ಲಿ ಮಧ್ಯಪ್ರದೇಶ ಮೊದಲು ನಿಷೇಧಿಸಿತು. ಕರ್ನಾಟಕದಲ್ಲಿ ಸಿದ್ದರಾಮಯ್ಯ ಸರ್ಕಾರ ಬಂದ ತಿಂಗಳೊಳಗೆ, 2013ರ ಮೇ ಕೊನೆಯಲ್ಲಿ ಆದೇಶ ಹೊರಬಿತ್ತು.

ಅಂದಿನ ಸಿಟ್ಟು ನನಗೆ ಚೆನ್ನಾಗಿ ನೆನಪಿದೆ. ಸಾಗರ, ತೀರ್ಥಹಳ್ಳಿ, ಶಿವಮೊಗ್ಗದಲ್ಲಿ ಸಭೆ, ಮೆರವಣಿಗೆ. ಅದೇ ವರ್ಷ ಕೇಂದ್ರದ ಪರವಾಗಿ ಸುಪ್ರೀಂ ಕೋರ್ಟಿನಲ್ಲಿ ಅಡಿಕೆಯೂ ಹಾನಿಕರ ಎಂಬ ವಾದ ಬಂದದ್ದು ಬೆಂಕಿಗೆ ತುಪ್ಪ ಸುರಿಯಿತು. ನಾನು ಹೋದ ಸಭೆಯಲ್ಲಿ ಒಬ್ಬರು ಗಟ್ಟಿಯಾಗಿ ಕೇಳಿದರು: “ತಿನ್ನೋದು ಬಿಡೋದು ಅವನವನ ಇಷ್ಟ. ಸರ್ಕಾರಕ್ಕೆ ಏನು ಕೆಲಸ?” ಚಪ್ಪಾಳೆ ಬಿತ್ತು. ಸುತ್ತ ನೋಡಿದೆ. ಅಲ್ಲಿ ಕೂತವರು ಬಹುತೇಕ ಬೆಳೆಗಾರರು, ದಲಾಲರು, ಮುಖಂಡರು. ಟೆಂಪೋ ಓಡಿಸುವವರಾಗಲಿ, ಮರ ಹತ್ತುವವರಾಗಲಿ, ಸುಲಿಯುವ ಹೆಂಗಸರಾಗಲಿ ಇರಲಿಲ್ಲ. ತಿನ್ನುವವನ ಸ್ವಾತಂತ್ರ್ಯದ ಪರವಾಗಿ ಮಾರುವವರು ಮಾತಾಡುತ್ತಿದ್ದರು. ಇಡೀ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದು. ನಮ್ಮ ಆತಂಕ ಬೆಲೆಯದಾಗಿತ್ತು, ಅದು ನ್ಯಾಯವಾದ ಆತಂಕವೇ. ಬೆಲೆಯ ಮಾತನ್ನು ಬೆಲೆಯ ಮಾತಾಗಿಯೇ ಆಡಬೇಕಿತ್ತು.

ಬೆಲೆಯಾದರೂ ಬಿತ್ತೇ? ಮರುವರ್ಷ, 2014ರಲ್ಲಿ, ಕೆಂಪಡಿಕೆ ಅಲ್ಲಿಯವರೆಗೆ ಎಂದೂ ಕಾಣದ ಎತ್ತರಕ್ಕೆ ಹೋಯಿತು. ಯಾಕೆಂದರೆ ಕಾರ್ಖಾನೆಗಳು ಪಾನ್‌ ಮಸಾಲಾವನ್ನು ಒಂದು ಪ್ಯಾಕೆಟ್ಟಿನಲ್ಲೂ ತಂಬಾಕನ್ನು ಇನ್ನೊಂದರಲ್ಲೂ ತುಂಬಿದವು. ಅಂಗಡಿಯವನು ಎರಡನ್ನೂ ಒಟ್ಟಿಗೆ ಕೊಡುತ್ತಾನೆ, ಗಿರಾಕಿ ಅಂಗೈಯಲ್ಲಿ ಬೆರೆಸಿಕೊಳ್ಳುತ್ತಾನೆ. ಸುಪ್ರೀಂ ಕೋರ್ಟ್‌ 2016ರಲ್ಲಿ ಇದನ್ನೂ ತಡೆಯಿರಿ ಎಂದು ರಾಜ್ಯಗಳಿಗೆ ಹೇಳಿತು. ಇವತ್ತಿಗೂ ಯಾವ ಊರಿಗೆ ಹೋದರೂ ಆ ಜೋಡಿ ಪ್ಯಾಕೆಟ್ಟು ಸಿಗುತ್ತದೆ. ಪಾನ್‌ ಮಸಾಲಾಕ್ಕೆ 2017ರ ಜಿಎಸ್‌ಟಿಯಲ್ಲಿ ಶೇಕಡಾ 28 ತೆರಿಗೆ ಬಿತ್ತು, ಅದರ ಮೇಲೆ ಸೆಸ್‌. ಆ ತೆರಿಗೆ ಖಜಾನೆ ಸೇರಿತು.

ಸಾರಾಯಿಯ ಮಾತು ಇಲ್ಲಿ ಬರಲೇಬೇಕು. ನಮ್ಮ ತೋಟದ ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಒಂದು ಮರದಿಂದ ಇನ್ನೊಂದಕ್ಕೆ ಜೋತುಬಿದ್ದು ದಾಟುವವನು. ಹಗಲು ಅಂಥ ಎಚ್ಚರದ ಕೆಲಸ ಮಾಡಿ ಸಂಜೆ ಕೊಟ್ಟೆ ಸಾರಾಯಿಗೆ ಕೂಲಿಯ ಬಹುಪಾಲು ಸುರಿಯುತ್ತಿದ್ದ. ಆಗ ಸರ್ಕಾರ ಸಾರಾಯಿಯನ್ನು ಗುತ್ತಿಗೆಗೆ ಕೊಡುತ್ತಿತ್ತು. ಗುತ್ತಿಗೆದಾರರ ಜನ ಕೊಟ್ಟೆಗಳನ್ನು ಹಳ್ಳಿಯವರೆಗೆ ತಂದು ಮುಟ್ಟಿಸುತ್ತಿದ್ದರು. 2007ರ ಜುಲೈ 1ರಿಂದ ಕುಮಾರಸ್ವಾಮಿ ಸರ್ಕಾರ ಸಾರಾಯಿ ನಿಷೇಧಿಸಿತು, ಆಗ ಹಣಕಾಸು ನೋಡುತ್ತಿದ್ದವರು ನಮ್ಮ ಜಿಲ್ಲೆಯವರೇ ಆದ ಯಡಿಯೂರಪ್ಪನವರು. ಕೊನೆಗೌಡನ ಹೆಂಡತಿ ಆ ವಾರ ನಮ್ಮ ಮನೆಗೆ ಬಂದು ಅಮ್ಮನ ಹತ್ತಿರ ಹೇಳಿದ್ದಳು: “ಯಾರು ಏನಾರ ಹೇಳ್ಲಿ ಅಮ್ಮ, ಈ ಸಲ ಮಳೆಗಾಲಕ್ಕೆ ಮನೇಲಿ ಅಕ್ಕಿ ಉಂಟು.”

ಅವಳ ಆ ಮಾತಿನ ಮುಂದೆ ಕುಡಿಯುವವನ ಹಕ್ಕಿನ ವಾದವನ್ನು ಇಡಲು ನನಗೆ ಮನಸ್ಸು ಒಪ್ಪುವುದಿಲ್ಲ. ಅವನು ಕಳೆಯುತ್ತಿದ್ದದ್ದು ಅವನೊಬ್ಬನದಾಗಿರಲಿಲ್ಲ. ಆದರೆ ಆ ಅಕ್ಕಿ ಬಹಳ ವರ್ಷ ಉಳಿಯಲಿಲ್ಲ ಎಂಬುದನ್ನೂ ಹೇಳಬೇಕು. ಸಾರಾಯಿ ಹೋದ ಜಾಗಕ್ಕೆ ಅಗ್ಗದ ವಿಸ್ಕಿ, ಬ್ರಾಂದಿ ಬಂತು. ಸರ್ಕಾರದ್ದೇ ಸಂಸ್ಥೆಯಾದ ಎಂಎಸ್‌ಐಎಲ್‌ ಮದ್ಯದ ಮಳಿಗೆಗಳನ್ನು ತೆರೆಯುತ್ತ ಹೋಯಿತು. 2025–26ರ ರಾಜ್ಯ ಬಜೆಟ್ಟಿನಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ ಆದಾಯ 40,000 ಕೋಟಿ ರೂಪಾಯಿ. ಬಡವನ ಒಳ್ಳೆಯದಕ್ಕೆಂದು ಒಂದು ಕೈಯಲ್ಲಿ ಬಾಗಿಲು ಮುಚ್ಚಿ ಇನ್ನೊಂದು ಕೈಯಲ್ಲಿ ತೆರೆದರೆ, ಮೊದಲಿನ ನಿಷೇಧವನ್ನು ಯಾರು ನಂಬುತ್ತಾರೆ? ಕೊನೆಗೌಡ ನಂಬಲಿಲ್ಲ. ಈಗ ಕುಡಿಯುವುದಕ್ಕೆ ಅವನಿಗೆ ಹೆಚ್ಚು ದುಡ್ಡು ಬೇಕಾಗಿತ್ತು, ಅಷ್ಟೇ.

ನಿಷೇಧದ ಭಾರ ಯಾರ ಮೇಲೆ ಬೀಳುತ್ತದೆ ಎಂಬುದನ್ನು ನೋಡದೆ ಅದು ಸರಿಯೋ ತಪ್ಪೋ ಎಂದು ತೀರ್ಮಾನಿಸಲಾಗದು. ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ರೋಗ. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಭುಗಿಲೆದ್ದು ಸಾವುಗಳಾದವು. ಕಾಡಿಗೆ ಹೋಗಬೇಡಿ, ದರಗು ತರಬೇಡಿ, ಹೋದರೆ ಉಣುಗು ಹತ್ತದಂತೆ ಮೈಗೆ ಡಿಎಂಪಿ ಎಣ್ಣೆ ಹಚ್ಚಿಕೊಳ್ಳಿ ಎಂದು ಮೈಕಿನಲ್ಲಿ ಹೇಳುತ್ತ ಜೀಪು ಓಡಾಡಿತು. ಉಣುಗು ಕಚ್ಚಿ ಸಾಯಬಾರದು ಎಂಬ ಮಾತಿನಲ್ಲಿ ತಪ್ಪೇನೂ ಇಲ್ಲ. ಆದರೆ ದರಗು ತರುವವರು ಯಾರು? ಕೊಟ್ಟಿಗೆಗೆ ಹಾಸಲು, ತೋಟಕ್ಕೆ ಗೊಬ್ಬರ ಮಾಡಲು ನಮಗೆ ಬೇಕು, ಹೊತ್ತು ತರುವವರು ಕೂಲಿಯವರು. ಕಾಡಿಗೆ ಹೋಗದ ದಿನ ಅವರಿಗೆ ಕೂಲಿ ಇಲ್ಲ, ಒಲೆಗೆ ಸೌದೆ ಇಲ್ಲ. ಆ ದಿನಗಳ ಕೂಲಿಯನ್ನು ಯಾರೂ ಕಟ್ಟಿಕೊಡಲಿಲ್ಲ. ದಶಕಗಳ ಕಾಲ ಹಾಕಿದ ಲಸಿಕೆಯನ್ನು, ಅದರ ಶಕ್ತಿ ಸಾಲದೆಂದು 2022ರಲ್ಲಿ ನಿಲ್ಲಿಸಲಾಯಿತು. ಚುಚ್ಚಿಸಿಕೊಳ್ಳಲು ಹಿಂದೇಟು ಹಾಕಿದವರನ್ನು ನಾವೆಲ್ಲ ಹಳ್ಳಿಯ ಮೂಢರೆಂದು ಬೈದಿದ್ದೆವು.

ಇಂಗ್ಲೆಂಡಿನ ಜಾನ್‌ ಸ್ಟುವರ್ಟ್‌ ಮಿಲ್‌ 1859ರಲ್ಲಿ ಬರೆದ ಸ್ವಾತಂತ್ರ್ಯದ ಪುಸ್ತಕವನ್ನು ಕಾಲೇಜಿನಲ್ಲಿ ಓದಿಸಿದ್ದರು. ಒಬ್ಬ ಮನುಷ್ಯನ ಒಳ್ಳೆಯದಕ್ಕೆಂದೇ ಅವನನ್ನು ಬಲವಂತ ಮಾಡುವ ಹಕ್ಕು ಸಮಾಜಕ್ಕಿಲ್ಲ ಎಂಬುದು ಅವನ ವಾದದ ತಿರುಳು. ಅಮ್ಮಮ್ಮನ ತಂಗಿಯನ್ನು ನೆನೆದರೆ ಮಿಲ್‌ ಹೇಳಿದ್ದು ಸರಿ ಎನಿಸುತ್ತದೆ. ಅವಳಿಗೆ ಬುದ್ಧಿಯಿತ್ತು, ವಯಸ್ಸಾಗಿತ್ತು, ಅವಳ ಕವಳದಿಂದ ಯಾರ ಅನ್ನವೂ ಕಡಿಮೆಯಾಗುತ್ತಿರಲಿಲ್ಲ. ಆದರೆ ಮಿಲ್‌ ಕೂಡ ಮಕ್ಕಳನ್ನು ಆ ಮಾತಿನಿಂದ ಹೊರಗಿಟ್ಟಿದ್ದಾನೆ. ಟೆಂಪೋ ಹುಡುಗ ಪ್ಯಾಕೆಟ್ಟು ಹರಿದದ್ದು ಹದಿನಾಲ್ಕನೆಯ ವಯಸ್ಸಿನಲ್ಲಿ. ಇಪ್ಪತ್ತೈದಕ್ಕೆ ಅವನು ತನ್ನ ಇಷ್ಟದಿಂದ ತಿನ್ನುತ್ತಿದ್ದ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆಯ್ಕೆ ನಡೆದದ್ದು ಹದಿನಾಲ್ಕಕ್ಕೆ, ಅದೂ ಅಂಗಡಿಯ ಬಾಗಿಲಿಗೆ ಅವನ ಕಣ್ಣಿನ ಎತ್ತರಕ್ಕೆ ಮಾಲೆ ಇಳಿಬಿಟ್ಟವರ ಕೈಯಲ್ಲಿ.

ಹಾಗಾಗಿ ಸರ್ಕಾರ ತಡೆಯಬೇಕಾದದ್ದು ಮಾರುವವನನ್ನು, ಅದರಲ್ಲೂ ಮಕ್ಕಳಿಗೆ ಮಾರುವವನನ್ನು. ತಿನ್ನುವ ದೊಡ್ಡವನನ್ನು ಹಿಡಿದು ದಂಡ ಹಾಕುವುದಕ್ಕಿಂತ ಅವನ ಬಾಯಿ ಪರೀಕ್ಷೆ ಮಾಡುವ ವೈದ್ಯರನ್ನು ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಕಳಿಸುವುದು ಮೇಲು. ಬಾಯಿ ಬಿಗಿಯುವುದು ಶುರುವಿನಲ್ಲೇ ತಿಳಿದು ಅವನು ಬಿಟ್ಟರೆ ಬದುಕಿಕೊಳ್ಳುತ್ತಾನೆ.

2003ರ ತಂಬಾಕು ನಿಯಂತ್ರಣ ಕಾನೂನು ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರಬಾರದು ಎನ್ನುತ್ತದೆ. ಕರ್ನಾಟಕ ಅದಕ್ಕೆ ತಂದ ತಿದ್ದುಪಡಿ ತಂಬಾಕು ಕೊಳ್ಳುವ ವಯಸ್ಸನ್ನು ಹದಿನೆಂಟರಿಂದ ಇಪ್ಪತ್ತೊಂದಕ್ಕೆ ಏರಿಸಿತು. ರಾಷ್ಟ್ರಪತಿಯ ಅಂಕಿತ ಬಿದ್ದದ್ದು 2025ರ ಮೇ ತಿಂಗಳಲ್ಲಿ. ಎರಡೂ ತಂಬಾಕಿಗೆ ಮಾತ್ರ. ತಂಬಾಕಿಲ್ಲದ ಪಾನ್‌ ಮಸಾಲಾ ಈ ಬೇಲಿಯ ಹೊರಗೇ ಉಳಿದಿದೆ. ಹತ್ತು ವರ್ಷದ ಹುಡುಗನೂ ಚಾಕೊಲೇಟಿನಷ್ಟು ಸಲೀಸಾಗಿ ಅದನ್ನು ಕೊಳ್ಳಬಹುದು, ಅದರೊಳಗೆ ಇರುವುದು ನಮ್ಮ ಅಡಿಕೆ. ನಮ್ಮ ಸಹಕಾರ ಸಂಘದ ಸಭೆಯಲ್ಲಿ ನಾನು ಎದ್ದು ಕೇಳಿದ್ದು ಇಷ್ಟು: ವಯಸ್ಸಿನ ಮಿತಿ ಪಾನ್‌ ಮಸಾಲಾಕ್ಕೂ ಬರಲಿ ಎಂದು ಬೆಳೆಗಾರರಾದ ನಾವೇ ಠರಾವು ಮಾಡೋಣ. ಎಲೆಚುಕ್ಕೆ ರೋಗದಿಂದ ಹೊಸನಗರ, ತೀರ್ಥಹಳ್ಳಿ ಕಡೆಯ ತೋಟಗಳು ಒಣಗಿವೆ, ಬಯಲುಸೀಮೆಯ ಗದ್ದೆಗಳಲ್ಲೆಲ್ಲ ಹೊಸ ಅಡಿಕೆ ಸಸಿ ಎದ್ದಿದೆ, ಬೆಲೆಗೆ ಅಪಾಯ ಬರುವುದಾದರೆ ಅದು ಆ ಕಡೆಯಿಂದ ಬರುತ್ತದೆ, ಶಾಲೆಯ ಮಕ್ಕಳ ಕಡೆಯಿಂದಲ್ಲ ಎಂದೂ ಹೇಳಿದೆ. ಒಬ್ಬರು ಹಿಂದಿನಿಂದ, “ಭಟ್ರೇ, ಉಂಡ ಮನೆಯ ಗಳ ಎಣಿಸಬೇಡಿ” ಎಂದರು. ಠರಾವಿಗೆ ಅನುಮೋದಕರು ಸಿಗಲಿಲ್ಲ.

ಸಭೆ ಮುಗಿದ ಮೇಲೆ ಇಬ್ಬರು ಯುವಕರು ಬಂದು, ನಮ್ಮೂರಿನ ಹೈಸ್ಕೂಲಿನ ಎದುರಿಗಿರುವ ಅಂಗಡಿಯ ಬಗ್ಗೆ ಪಂಚಾಯಿತಿಗೆ ಅರ್ಜಿ ಕೊಡೋಣ ಎಂದರು. ಕೊಟ್ಟಿದ್ದೇವೆ. ಅಂಗಡಿಯವನು ನಮಗೆ ಬೇಕಾದವನೇ. ಮಾಲೆ ಇಳಿಸಿದರೆ ವ್ಯಾಪಾರ ಅರ್ಧಕ್ಕೆ ಬೀಳುತ್ತದೆ ಎಂದು ಅವನು ನನ್ನ ಹತ್ತಿರ ಬಂದು ಹೇಳಿಕೊಂಡ. ಸುಳ್ಳಲ್ಲ. ಅವನಿಗೆ ಹಾಲಿನ ಡೇರಿಯ ಮಾರಾಟವನ್ನೋ ಮತ್ತೊಂದನ್ನೋ ಕೊಡಿಸಲು ಆಗುತ್ತದೆಯೇ ಎಂದು ಆ ಹುಡುಗರು ವಿಚಾರಿಸುತ್ತಿದ್ದಾರೆ. ಅರ್ಜಿಯನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಅವನಿಗೆ ಹೇಳಿದ್ದೇನೆ. ಮುಂದಿನ ಗ್ರಾಮಸಭೆಯಲ್ಲಿ ಅದು ಚರ್ಚೆಗೆ ಬರುತ್ತದೆ.